ಗಾಡಿ ರ‍್ಯಾಪ್‌ಗೆ ಯಾವ ಫಿಲ್ಮ್? ಇವತ್ತು ಸಂಜೆ ಕೇಳಿ

ರ‍್ಯಾಪ್ ಕೆಲಸದವರು: ನಮಸ್ಕಾರ. ಹದಿಮೂರು ವರ್ಷದಿಂದ ಬೆಂಗಳೂರಲ್ಲಿ ಗಾಡಿಗಳಿಗೆ ವಿನೈಲ್ ಫಿಲ್ಮ್ ಹಾಕುತ್ತಿದ್ದೇನೆ. ಗಾಡಿ ಎಷ್ಟು ಹಳೆಯದು, ಎಲ್ಲಾದರೂ ರೀಪೇಂಟ್ ಆಗಿದೆಯಾ ಅಂತ ಬರೆದು ಕೇಳಿ.

ಬಿಳಿ ಸ್ವಿಫ್ಟ್: ಸರ್, ಯಾವ ಕಂಪನಿ ಫಿಲ್ಮ್ ಬೆಸ್ಟ್?

ರ‍್ಯಾಪ್ ಕೆಲಸದವರು: ಕಂಪನಿ ಆಮೇಲೆ. ಮೊದಲು ಅದು ಕಾಸ್ಟ್ ಫಿಲ್ಮಾ, ಕ್ಯಾಲೆಂಡರ್ಡ್ ಫಿಲ್ಮಾ ನೋಡಿ. ಇಲ್ಲಿ ಕಾಸ್ಟ್ ಅಂದರೆ ರೇಟ್ ಅಲ್ಲ, ಹುಯ್ದು ಮಾಡಿದ್ದು. ಕ್ಯಾಲೆಂಡರ್ಡ್ ಅಂದರೆ ರೋಲರ್ ನಡುವೆ ಒತ್ತಿ ಮಾಡಿದ್ದು. ಒಂದೇ ಕಂಪನಿ ಎರಡನ್ನೂ ಮಾರುತ್ತದೆ. ಒರಾಕಲ್ 970 ಕಾಸ್ಟ್, 651 ಕ್ಯಾಲೆಂಡರ್ಡ್. ಹೆಸರು ನೋಡಿ ಮೋಸ ಹೋಗಬೇಡಿ, ನಂಬರ್ ನೋಡಿ. 3ಎಂ 2080, ಏವರಿ ಡೆನಿಸನ್ ಸುಪ್ರೀಂ ರ‍್ಯಾಪಿಂಗ್ ಫಿಲ್ಮ್ ಕೂಡ ಕಾಸ್ಟ್. ಕಾರಿಗೆ ಇವು ಸರಿ.

ಬೆಳಗಾವಿ ಬೈಕರ್: ಬೆಳಗಾವಿಯಲ್ಲಿ ಫುಲ್ ಕಾರಿಗೆ ಎಷ್ಟಾಗ್ತದ್ರಿ?

ಮೈಸೂರು ಮಗಳು: ಸರ್, ಅಪ್ಪನ ಕಾರು ಎಂಟು ವರ್ಷದ್ದು. ಮೂರು ತಿಂಗಳ ಹಿಂದೆ ಎಡಗಡೆ ಹಿಂದಿನ ಡೋರ್‌ಗೆ ಟಿಂಕರಿಂಗ್, ಪೇಂಟಿಂಗ್ ಮಾಡಿಸಿದೆವು. ಒಂದೇ ವಾರಕ್ಕೆ ಪೂರ್ತಿ ಕಾರಿಗೆ ರ‍್ಯಾಪ್ ಹಾಕಿಸಿದೆವು. ಐದು ವರ್ಷ ಬಾಳಿಕೆ ಅಂದಿದ್ದರು, ರೇಟೂ ಕಮ್ಮಿ ಇತ್ತು. ಈಗ ಬಂಪರ್ ತಿರುವಲ್ಲಿ, ಕನ್ನಡಿಯ ಬುಡದಲ್ಲಿ ಫಿಲ್ಮ್ ಏಳುತ್ತಿದೆ. ಅಂಚಿನ ಸುತ್ತ ಕಪ್ಪು ಗೆರೆ ಬಂದಿದೆ. ಅಂಗಡಿಯವರು ನಾಳೆ ಎಲ್ಲಾ ಕಿತ್ತು ಹೊಸದು ಹಾಕ್ತೀವಿ ಅಂತಿದ್ದಾರೆ. ಒಪ್ಪಬಹುದಾ?

ರ‍್ಯಾಪ್ ಕೆಲಸದವರು: ತಂಗಿ, ನಾಳೆ ಬೇಡ. ದಯವಿಟ್ಟು ನಿಲ್ಲಿಸಿ.

ಇಲ್ಲಿ ಎರಡು ತೊಂದರೆ ಒಟ್ಟಿಗೆ ಸೇರಿವೆ. ಮೊದಲು ಫಿಲ್ಮ್. ಆ ಕಪ್ಪು ಗೆರೆಗೆ ಉಗುರು ತಾಗಿಸಿ ನೋಡಿ, ಅಂಟುತ್ತದೆ. ಅದು ಗಮ್, ಮೇಲೆ ಧೂಳು ಕೂತಿದೆ. ಹಾಕಿದ ದಿನ ಫಿಲ್ಮ್ ಆ ಗೆರೆಯ ತನಕ ಇತ್ತು. ಈಗ ಕುಗ್ಗಿದೆ, ಗಮ್ ಮಾತ್ರ ಅಲ್ಲೇ ಉಳಿದಿದೆ. ಹೀಗಾಗುವುದು ಬಹುಪಾಲು ಕ್ಯಾಲೆಂಡರ್ಡ್ ಫಿಲ್ಮಲ್ಲಿ. ಅದನ್ನು ಬಿಸಿ ರೋಲರ್ ನಡುವೆ ಒತ್ತಿ, ಎಳೆದು ಮಾಡುತ್ತಾರೆ. ಮೈದಾ ಹಿಟ್ಟು ಲಟ್ಟಿಸಿ ಬಿಟ್ಟರೆ ಮತ್ತೆ ಒಳಕ್ಕೆ ಎಳೆದುಕೊಳ್ಳುತ್ತದಲ್ಲ, ಹಾಗೆ. ಕಾಸ್ಟ್ ಫಿಲ್ಮ್ ನೀರ್ ದೋಸೆ ಹುಯ್ದ ಹಾಗೆ. ದ್ರವವನ್ನು ತೆಳ್ಳಗೆ ಹರಡಿ ಒಲೆಯಲ್ಲಿ ಒಣಗಿಸುತ್ತಾರೆ. ಎಳೆದೇ ಇಲ್ಲ, ಹಾಗಾಗಿ ಕುಗ್ಗುವ ಹಟ ಕಮ್ಮಿ. ಮೆತ್ತಗೂ ಇರುತ್ತದೆ, ತಿರುವಿಗೆ ಬಗ್ಗುತ್ತದೆ. ದಪ್ಪ ಇದ್ದರೆ ಗಟ್ಟಿ ಅಂತ ಅಂಗಡಿಯವರು ಹೇಳಿದ್ದರೆ ನಂಬಬೇಡಿ.

ಕಾಸ್ಟ್ ಕೂಡ ಏಳಬಹುದು. ತಿರುವಲ್ಲಿ ಎಳೆದು ಕೂರಿಸಿದ ಮೇಲೆ ಆ ಜಾಗವನ್ನು ಸುಮಾರು 90–110 ಡಿಗ್ರಿಗೆ ಬಿಸಿ ಮಾಡಬೇಕು. ಎಷ್ಟು ಅಂತ ಆ ಫಿಲ್ಮಿನ ಮಾಹಿತಿ ಹಾಳೆಯಲ್ಲೇ ಇರುತ್ತದೆ. ಕೈ ಅಂದಾಜು ಸಾಲದು, ಥರ್ಮಾಮೀಟರ್ ಹಿಡಿದು ನೋಡಬೇಕು.

ನನಗೆ ನಿಜವಾಗಿ ಭಯ ಇರುವುದು ಡೋರ್ ಬಗ್ಗೆ. ಕಂಪನಿ ಪೇಂಟ್ ಫ್ಯಾಕ್ಟರಿಯಲ್ಲಿ ಬೆಂದು ಬಂದಿರುತ್ತದೆ, ಫಿಲ್ಮ್ ಕಿತ್ತರೂ ಸಾಮಾನ್ಯವಾಗಿ ಏಳುವುದಿಲ್ಲ. ಗ್ಯಾರೇಜ್ ಪೇಂಟ್ ಹಾಗಲ್ಲ. ಪೂರ್ತಿ ಒಣಗಲು ವಾರಗಟ್ಟಲೆ ಬೇಕು. ಒಂದೇ ವಾರಕ್ಕೆ ಫಿಲ್ಮ್ ಮುಚ್ಚಿದರೆ ಒಳಗಿನ ಥಿನ್ನರ್ ಆವಿ ಎಲ್ಲಿಗೆ ಹೋಗಬೇಕು? ಬೆರಳ ತುದಿಯಿಂದ ಸವರಿ ನೋಡಿ, ಸಣ್ಣ ಸಣ್ಣ ಗುಳ್ಳೆ ಸಿಕ್ಕರೆ ಕಾರಣ ಅದೇ. ಕೆಳಗೆ ಪುಟ್ಟಿಯೂ ಇರಬಹುದು. ಆ ಡೋರಿನ ಫಿಲ್ಮ್ ಎಳೆದರೆ ಪೇಂಟೂ ಹಾಳೆ ಹಾಳೆಯಾಗಿ ಬರುವ ಅಪಾಯ ಇದೆ. ಒಬ್ಬರ ಕಾರಲ್ಲಿ ಹಾಗಾಗಿದ್ದನ್ನು ಎದುರಿಗೇ ನೋಡಿದ್ದೇನೆ. ಬರೀ ತಗಡು ಉಳಿದಿತ್ತು.

ಹೀಗೆ ಮಾಡಿ. ರೋಲ್ ಡಬ್ಬ ಅಥವಾ ಉಳಿದ ತುಂಡು ಕೇಳಿ, ಹಿಂದಿನ ಕಾಗದದ ಮೇಲೆ ಹೆಸರು, ನಂಬರ್ ಇದ್ದರೆ ಫೋಟೊ ಹಾಕಿ. ಡೋರಿನ ಕೆಳ ಅಂಚಲ್ಲಿ ಬರೀ ಪೇಂಟ್ ಕಾಣುವ ಕಡೆ ಮಾಸ್ಕಿಂಗ್ ಟೇಪ್ ಗಟ್ಟಿಯಾಗಿ ಒತ್ತಿ, ಚಟ್ ಅಂತ ಎಳೆಯಿರಿ. ಟೇಪಿಗೆ ಬಣ್ಣ ಬಂದರೆ ಕೆಲಸ ಅಲ್ಲಿಗೇ ನಿಲ್ಲಿಸಿ, ನನಗೆ ಹೇಳಿ.

ಶಿವಮೊಗ್ಗ ಅಂಕಲ್: ಇಷ್ಟೆಲ್ಲಾ ಯಾಕಮ್ಮಾ? ಎದ್ದ ಅಂಚಿಗೆ ಫೆವಿಕ್ವಿಕ್ ಹಾಕಿ ಒತ್ತಿ. ಗಮ್ ಕಲೆಗೆ ಸೀಮೆಎಣ್ಣೆ, ಸರ್ಫ್. ಫಿಲ್ಮ್ ಮಾಸಿದರೆ ಟೂತ್‌ಪೇಸ್ಟ್. ನಮ್ಮ ಗ್ರೂಪಲ್ಲಿ ಬಂದಿದ್ದು.

ರ‍್ಯಾಪ್ ಕೆಲಸದವರು: ಮೂರೂ ಬೇಡ. ಫೆವಿಕ್ವಿಕ್ ಪೇಂಟಿಗೆ ಕಚ್ಚಿಕೊಂಡರೆ ಪೇಂಟ್ ಕಿತ್ತುಕೊಂಡೇ ಬರುತ್ತದೆ. ಸೀಮೆಎಣ್ಣೆ ಅಂಚಿನ ಒಳಗೆ ಇಳಿದು ಚೆನ್ನಾಗಿರುವ ಗಮ್ಮನ್ನೂ ಕರಗಿಸುತ್ತದೆ. ಟೂತ್‌ಪೇಸ್ಟ್ ಉಜ್ಜಿದರೆ ಮ್ಯಾಟ್ ಫಿಲ್ಮ್ ಅಲ್ಲಲ್ಲಿ ಹೊಳೆಯುತ್ತದೆ, ಸರಿ ಮಾಡಲು ಆಗುವುದಿಲ್ಲ. ಗ್ರೂಪಲ್ಲಿ ಬಂದಿದ್ದನ್ನು ಇನ್ನೊಬ್ಬರ ಗಾಡಿ ಮೇಲೆ ಪ್ರಯೋಗ ಮಾಡಿಸಬೇಡಿ.

ಶಿವಮೊಗ್ಗ ಅಂಕಲ್: ನಾನು ಒಳ್ಳೆಯದಕ್ಕೇ ಹೇಳಿದ್ದು.

ಹಾಸನ ಡಸ್ಟರ್: ರ‍್ಯಾಪೇ ದಂಡ. ಪೇಂಟ್ ಕಾಯುವ ಫಿಲ್ಮ್, ಪಿಪಿಎಫ್ ಹಾಕಿಸಿ, ಗೀರು ತಾನೇ ಮಾಯ.

ಕೋಲಾರ ಟೆಂಪೋ: ಪಿಪಿಎಫ್ ರೇಟ್ ಗೊತ್ತಾ ಗುರು? ಎಲ್ಲರೂ ನಿಮ್ಮ ಹಾಗೆ ಇಲ್ಲ.

ಹಾಸನ ಡಸ್ಟರ್: ದುಡ್ಡಿಲ್ಲ ಅಂದರೆ ಸುಮ್ನೆ ಕಂಪನಿ ಪೇಂಟಲ್ಲೇ ಓಡಿಸಿ. ಸ್ಟಿಕ್ಕರ್ ಯಾಕೆ?

ಕೋಲಾರ ಟೆಂಪೋ: ನನ್ನ ಗಾಡಿ ಹೊಟ್ಟೆಪಾಡು. ಬೇಕರಿ ಹೆಸರು ಕಾಣಬೇಕು, ಅದಕ್ಕೆ ಹಾಕಿಸ್ತೀನಿ. ನಿಮ್ಮನ್ನು ಯಾರು ಕೇಳಿದರು?

ರ‍್ಯಾಪ್ ಕೆಲಸದವರು: ಇಬ್ಬರೂ ನಿಲ್ಲಿಸಿ. ಪಿಪಿಎಫ್ ಬೇರೆ ವಸ್ತು, ಟಿಪಿಯು ಅನ್ನುವ ರಬ್ಬರಿನಂಥ ಪ್ಲಾಸ್ಟಿಕ್. 150–200 ಮೈಕ್ರಾನ್ ದಪ್ಪ ಇರುತ್ತದೆ. ಕಲ್ಲೇಟಿಗೆ ಅದು, ಬಣ್ಣ ಬದಲಿಸಲು ವಿನೈಲ್. ಸಣ್ಣ ಗೀರು ಬಿಸಿಗೆ ಮಾಯ ಆಗುತ್ತದೆ, ಆಳದ್ದು ಆಗುವುದಿಲ್ಲ.

ಕೋಲಾರ ಟೆಂಪೋ, ನಿಮ್ಮ ಗಾಡಿ ಪಕ್ಕ ಚಪ್ಪಟೆ ಇದ್ದರೆ ದುಬಾರಿ ಕಾಸ್ಟ್ ಬೇಡವೇ ಬೇಡ. ಕಮ್ಮಿ ಕುಗ್ಗುವ, ಒಳ್ಳೆಯ ಪಾಲಿಮರಿಕ್ ಕ್ಯಾಲೆಂಡರ್ಡ್ ಸಾಕು. ಮೊನೊಮರಿಕ್ ಕೊಟ್ಟರೆ ಬೇಡ ಅನ್ನಿ, ಅದು ಬೇಗ ಕುಗ್ಗುತ್ತದೆ. ಸಾಲ್ವೆಂಟ್ ಇಂಕ್ ಆದರೆ ಪ್ರಿಂಟ್ ಆದ ಮೇಲೆ ಕನಿಷ್ಠ ಒಂದು ದಿನ ಬಿಚ್ಚಿ ಒಣಗಿಸಿ, ಆಮೇಲೆ ಲ್ಯಾಮಿನೇಷನ್. ಸಂಜೆಯೇ ಕೊಡ್ತೀವಿ ಅನ್ನುವವರ ಹತ್ತಿರ ಹೋಗಬೇಡಿ.

ಕೋಲಾರ ಟೆಂಪೋ: ತುಂಬಾ ಉಪಕಾರ ಅಣ್ಣಾ.

ಉಡುಪಿ ಕ್ರೆಟಾ: ಬಂಪರ್ ಹಿಂದೆ ರೇಡಾರ್ ಇದೆ. ಕ್ರೋಮ್ ಫಿಲ್ಮ್ ಹಾಕಬಹುದಾ?

ರ‍್ಯಾಪ್ ಕೆಲಸದವರು: ಆ ಜಾಗಕ್ಕೆ ಬೇಡ. ಲೋಹದ ಪದರ ಇರುವ ಫಿಲ್ಮ್ ರೇಡಾರ್‌ಗೆ ಅಡ್ಡ ಬರುತ್ತದೆ.

ದಾವಣಗೆರೆ ಡಿಸೈರ್: ಯಾವ ಕಂಪನಿ ಒಳ್ಳೆಯದು ಸರ್?

ರ‍್ಯಾಪ್ ಕೆಲಸದವರು: ಮೇಲೆ ಬರೆದಿದ್ದೇನೆ.

ತುಮಕೂರು ಬುಲೆಟ್: ಟ್ಯಾಂಕಿಗೆ ಮ್ಯಾಟ್ ಬ್ಲ್ಯಾಕ್?

ರ‍್ಯಾಪ್ ಕೆಲಸದವರು: ಹಾಕಬಹುದು. ಪೆಟ್ರೋಲ್ ಚೆಲ್ಲಿದರೆ ತಕ್ಷಣ ಒರೆಸಿ.

ಬಿಳಿ ಸ್ವಿಫ್ಟ್: ಬಿಳಿ ಕಾರಿಗೆ ನೀಲಿ ಹಾಕಿದರೆ ಆರ್‌ಟಿಒ ತೊಂದರೆ ಇಲ್ಲ ಅಲ್ವಾ? ತೆಗೆಯೋಕೆ ಬರುತ್ತಲ್ಲ.

ಹಾಸನ ಡಸ್ಟರ್: ಏನೂ ಇಲ್ಲ, ಹಾಕಿ.

ರ‍್ಯಾಪ್ ಕೆಲಸದವರು: ತಪ್ಪು ಹೇಳಬೇಡಿ. ಆರ್‌ಸಿಯಲ್ಲಿ ಒಂದು ಬಣ್ಣ, ಗಾಡಿ ಮೇಲೆ ಇನ್ನೊಂದು ಇರಬಾರದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಓದಿ. ಪೂರ್ತಿ ಬಣ್ಣ ಬದಲಿಸುವುದಾದರೆ ಮೊದಲು ಆರ್‌ಟಿಒದಲ್ಲಿ ಕೇಳಿ, ಆರ್‌ಸಿಯಲ್ಲಿ ಬರೆಸಿಕೊಳ್ಳಿ.

ಹಾಸನ ಡಸ್ಟರ್: ನನ್ನನ್ನು ಯಾರೂ ಹಿಡಿದಿಲ್ಲ.

ರ‍್ಯಾಪ್ ಕೆಲಸದವರು: ಹಿಡಿದ ದಿನ ನೀವು ಬಂದು ದಂಡ ಕಟ್ಟುತ್ತೀರಾ? ಹೊಸಬರು ಓದುತ್ತಿದ್ದಾರೆ, ನೋಡಿ ಬರೆಯಿರಿ.

ಗದಗ ಐ20: ಅಲಾಯ್ ವೀಲ್‌ಗೂ ಹಾಕ್ತಾರಾ?

ದಾವಣಗೆರೆ ಡಿಸೈರ್: ಮೇಲೆ ಅಂದರೆ ಎಲ್ಲಿ ಸರ್? ಒಂದು ಹೆಸರು ಹೇಳೋಕೆ ಇಷ್ಟು ಜಂಬಾನಾ?

ಮೈಸೂರು ಮಗಳು: ಸರ್, ಟೇಪ್ ಹಾಕಿ ನೋಡಿದೆ. ಎರಡು ರೂಪಾಯಿ ನಾಣ್ಯದಷ್ಟು ಬಣ್ಣ ಬಂತು. ಕೆಳಗೆ ಬಿಳಿ ಪುಡಿ ಕಾಣುತ್ತಿದೆ. ತುಂಡಿನ ಹಿಂದೆ ಏನೂ ಬರೆದಿಲ್ಲ.

ರ‍್ಯಾಪ್ ಕೆಲಸದವರು: ಬಿಳಿ ಪುಡಿ ಪುಟ್ಟಿ ಇರಬೇಕು. ಹಾಗಾದರೆ ಆ ಡೋರ್ ಮುಟ್ಟಿಸಬೇಡಿ. ಬಂಪರ್, ಕನ್ನಡಿ, ಉಳಿದ ಡೋರ್‌ಗಳದ್ದು ತೆಗೆಸಬಹುದು. ಹೀಟ್ ಗನ್ನಲ್ಲಿ ಬೆಚ್ಚಗೆ ಮಾಡಿ, ಫಿಲ್ಮನ್ನು ಹಿಂದಕ್ಕೆ ಮಡಚಿ, ಪೇಂಟಿಗೆ ಒರಗಿದ ಹಾಗೆ ನಿಧಾನ ಎಳೆಯಲಿ. ನೀವು ಎದುರಿಗೇ ನಿಂತಿರಿ. ಹಿಂದಿನ ಡೋರನ್ನು ಮೊದಲು ಒಳ್ಳೆಯ ಪೇಂಟರ್‌ಗೆ ತೋರಿಸಿ. ಹೇಗೂ ಅದು ಮತ್ತೆ ಪೇಂಟ್ ಆಗಬೇಕು. ಆಮೇಲೆ ಎರಡು ತಿಂಗಳು ಏನೂ ಅಂಟಿಸಬೇಡಿ. ನಂಬರ್ ಇಲ್ಲದ ಫಿಲ್ಮಿಗೆ ಐದು ವರ್ಷ ಅಂದವರು ಅದನ್ನು ಬಿಲ್ಲಿನಲ್ಲಿ ಬರೆದಿದ್ದಾರಾ ನೋಡಿ.

ಮೈಸೂರು ಮಗಳು: ಬಿಲ್ಲಿನಲ್ಲಿ ಬರೀ ‘ಸ್ಟಿಕ್ಕರ್ ಕೆಲಸ’ ಅಂತಿದೆ ಸರ್. ಅಪ್ಪನಿಗೆ ಹೇಗೆ ಹೇಳಲಿ ಗೊತ್ತಾಗ್ತಿಲ್ಲ.

ರ‍್ಯಾಪ್ ಕೆಲಸದವರು: ಟೇಪಿಗೆ ಬಂದ ಬಣ್ಣವನ್ನು ಹಾಗೇ ಒಂದು ಬಿಳಿ ಹಾಳೆಗೆ ಅಂಟಿಸಿ ಇಟ್ಟುಕೊಳ್ಳಿ. ಅಪ್ಪನಿಗೂ ತೋರಿಸಿ, ಪೇಂಟರ್‌ಗೂ ತೋರಿಸಿ. ನಾಳೆ ಬೆಳಿಗ್ಗೆ ಮೊದಲು ಅಂಗಡಿಗೆ ಫೋನ್ ಮಾಡಿ ಬೇಡ ಅನ್ನಿ.