ಅಪ್‌ಡೇಟ್: ಬೆಳಗಾವಿ ಮನೆಯ ಡಿಪಾಜಿಟ್ ಲೆಕ್ಕ ಮುಗೀತು

ನಾ ಕೇಳಿದ್ದು ಇಷ್ಟು: ಮನೆ ಬಿಡುವಾಗ ಗೋಡೆ ಬಣ್ಣ, ನಳ, ಬಾಗಿಲು ಮೂರಕ್ಕೂ ಮಾಲಕರು ಡಿಪಾಜಿಟ್‌ನಲ್ಲಿ ಮುರಿದುಕೊಳ್ಳಬಹುದೇ ಅಂತ. ಕಡೆಗೆ ಬಾಗಿಲಿಗಷ್ಟೇ ಮುರಿದುಕೊಂಡರು.

ಜಗ್ಗಾಟ ಇದ್ದದ್ದು ಗೋಡೆಯದು. ನೆಲದಿಂದ ಎರಡು-ಮೂರು ಅಡಿವರೆಗೆ ಬಣ್ಣ ಉಬ್ಬಿ ಬಿಳಿ ಉಪ್ಪಿನ ಪುಡಿ ಉದುರುತ್ತಿದ್ದರೆ ಅದು ಸಾಮಾನ್ಯವಾಗಿ ತಳಪಾಯದಿಂದ ಏರಿದ ತೇವ. ಬೆಳಗಾವಿ ಮಳೆಗೆ ಹಳೆ ಮನೆಗಳಲ್ಲಿ ಇದು ಮಾಮೂಲು, ಬಾಡಿಗೆದಾರರ ತಲೆಗೆ ಕಟ್ಟುವಂಥದ್ದಲ್ಲ. ಅನುಮಾನವಿದ್ದರೆ ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗಿಟ್ಟು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಒಂದು ದಿನ ಬಿಡಿ. ಹನಿ ಗೋಡೆಯ ಕಡೆ ಕೂತರೆ ತೇವ ಗೋಡೆಯದು. ಹೊರಮೈಗೆ ಕೂತರೆ ಕೋಣೆಯ ಗಾಳಿಯದು, ಅಂದರೆ ಕಿಟಕಿ ಮುಚ್ಚಿ ಒಳಗೇ ಬಟ್ಟೆ ಒಣಗಿಸಿದ್ದರ ಫಲ. (ಟೇಪ್ ಕೀಳುವಾಗ ಬಣ್ಣವೂ ಕಿತ್ತು ಬರುತ್ತದೆ, ಮೊದಲೇ ಫೋಟೋ ತೆಗೆದಿಡಿ.)

ನಳದ ವಾಶರ್ ಹಾಳಾಗಿದ್ದು ಬಳಕೆಯ ಸಹಜ ಸವೆತವೇ, ಅದಕ್ಕೆ ಡಿಪಾಜಿಟ್‌ನಲ್ಲಿ ಮುರಿಯುವಂತಿಲ್ಲ, ವಾದ ಬೇಡ. ಬಾಗಿಲಿಗೆ ಡ್ರಿಲ್ ಹೊಡೆದ ತೂತು ಸವೆತವಲ್ಲ. ಆದರೆ ಅದಕ್ಕೆ ಹೊಸ ಬಾಗಿಲಿನ ರೇಟು ಹಾಕುವುದು ಅನ್ಯಾಯ. ಬಡಿಗರು ತೂತು ತುಂಬಿ ಪಾಲಿಶ್ ಮಾಡುವ ಖರ್ಚಿಗೆ ಇಳಿಯಿತು.

ಆಧಾರ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಕಲಂ 108(ಎಂ): ಸಹಜ ಸವೆತ ಬಿಟ್ಟು ಮನೆಯನ್ನು ಮೊದಲಿದ್ದಂತೆ ಒಪ್ಪಿಸಬೇಕು. ಕರಾರಿನಲ್ಲಿ ಬೇರೆ ಷರತ್ತಿದ್ದರೆ ಅದೇ ನಡೆಯುತ್ತದೆ. ‘ಬಿಡುವಾಗ ಪೇಂಟ್ ಮಾಡಿಸಿಕೊಡಬೇಕು’ ಎಂಬ ಸಾಲಿದೆಯೇ ಅಂತ ಸಹಿಗೆ ಮುಂಚೆಯೇ ನೋಡಿಕೊಳ್ಳಿ.