ಸ್ಯಾಕ್ಸೋಫೋನ್ ಥರ ಕೀ, ಯುಫೋನಿಯಂ ಥರ ಬಾಯಿ, ಇದ್ಯಾವ ವಾದ್ಯ?

ಗಂಜ್ ಹುಡುಗ, ಕಲಬುರಗಿ:

ನಮ್ಮದು ಬ್ಯಾಂಡಿನ ಮನೆ. ಅಪ್ಪ ಕ್ಲಾರ್ನೆಟ್, ಕಾಕಾ ಯುಫೋನಿಯಂ, ಅಂದರೆ ಬೆರಳಲ್ಲಿ ಪಿಸ್ಟನ್ ಗುಂಡಿ ಒತ್ತಿ ಊದುವ ದೊಡ್ಡ ಹಿತ್ತಾಳೆ ವಾದ್ಯ. ನಾನು ಲಗ್ನದ ಸೀಸನ್‌ನಲ್ಲಿ ಟ್ರಂಪೆಟ್ ಹಿಡಿಯುತ್ತೇನೆ, ಉಳಿದ ದಿನ ಗಂಜ್ ಹತ್ತಿರ ಮೊಬೈಲ್ ರಿಪೇರಿ. ನಿನ್ನೆ ರಾತ್ರಿ ನಿದ್ದೆ ಬರದೆ ಯೂಟ್ಯೂಬ್ ನೋಡುತ್ತಾ ಬಿದ್ದುಕೊಂಡಿದ್ದಾಗ ಒಂದು ವಿಡಿಯೋ ಬಂತು. ಒಬ್ಬರು ಕುರ್ಚಿಯಲ್ಲಿ ಕುಳಿತು ಉದ್ದನೆಯ ಹಿತ್ತಾಳೆ ವಾದ್ಯವೊಂದನ್ನು ಎದೆಗೆ ಒರಗಿಸಿಕೊಂಡು ಊದುತ್ತಿದ್ದಾರೆ. ಕೊಳವೆ ಕೆಳಗೆ ಹೋಗಿ, ಮಡಚಿಕೊಂಡು ಮತ್ತೆ ಮೇಲೆ ಬಂದಿದೆ. ಅಗಲ ಬಾಯಿ ಆಕಾಶ ನೋಡುತ್ತಿದೆ. ಮೈತುಂಬಾ ತಟ್ಟೆಯಂಥ ಮುಚ್ಚಳಗಳು, ಥೇಟ್ ಸ್ಯಾಕ್ಸೋಫೋನ್.

ಕಾಕಾಗೆ ತೋರಿಸಿದೆ. ಕನ್ನಡಕ ಕೂಡ ಹಾಕಿಕೊಳ್ಳದೆ "ಹಳೇ ಸ್ಯಾಕ್ಸೋಫೋನ್, ಅಷ್ಟೇ" ಅಂದುಬಿಟ್ಟರು. ನಾನು ವಿಡಿಯೋ ನಿಲ್ಲಿಸಿ ದೊಡ್ಡದು ಮಾಡಿ ನೋಡಿದ್ದೇನೆ. ಸ್ಯಾಕ್ಸೋಫೋನ್ ಬಾಯಲ್ಲಿ ಅದುರುವ ತೆಳು ಪಟ್ಟಿ, ಅದೇ ರೀಡ್, ಇದಕ್ಕೆ ಇಲ್ಲವೇ ಇಲ್ಲ. ಕಾಕಾ ದಿನಾ ತುಟಿಗೆ ಹಚ್ಚುವಂಥದ್ದೇ ಬಟ್ಟಲು ಮೌತ್‌ಪೀಸ್. ಒಂದು ಪ್ಲೇಟ್ ಮಿರ್ಚಿ ಭಜಿಗೆ ಶರ್ತು ಕಟ್ಟಿದ್ದೇವೆ.

ದನಿ ಮಾತ್ರ ತಲೆಯಿಂದ ಹೋಗುತ್ತಿಲ್ಲ. ಯುಫೋನಿಯಂ ಅಷ್ಟು ನುಣುಪಿಲ್ಲ. ನಮ್ಮ ಕಡೆ ತತ್ವಪದ ಭಜನೆಯಲ್ಲಿ ಹಿಂದೆ ಗೋಡೆಗೆ ಒರಗಿ ಕುಳಿತ ಮುದುಕರೊಬ್ಬರು ದನಿ ಕೂಡಿಸುತ್ತಾರಲ್ಲ, ಸ್ವಲ್ಪ ಗೊಗ್ಗರು, ಸ್ವಲ್ಪ ಬೆಚ್ಚಗೆ, ಒಂದು ಸ್ವರ ತೆರೆದ ಬಾಯಲ್ಲಿ ಬಂದರೆ ಮುಂದಿನದು ಮೂಗಿನಲ್ಲಿ ಬಂದ ಹಾಗೆ, ಅಂಥದ್ದು. ಇದರ ಹೆಸರೇನು? ಇಷ್ಟು ಚೆಂದ ಇದ್ದದ್ದು ಯಾಕೆ ಕಾಣೆಯಾಯಿತು?

ಶಹಾಪುರದ ಮೇಷ್ಟ್ರು:

ಶರ್ತು ನೀವೇ ಗೆದ್ದಿರಿ ತಮ್ಮಾ. ಅದು ಆಫಿಕ್ಲೈಡ್. ಗ್ರೀಕ್‌ನಲ್ಲಿ ಓಫಿಸ್ ಅಂದರೆ ಹಾವು, ಕ್ಲೈಸ್ ಅಂದರೆ ಕೀಲಿಕೈ. ಕೀ ಹಚ್ಚಿದ ಹಾವು ಅಂತ ಅರ್ಥ.

ಹಾವು ಯಾಕೆ ಬಂತು ಅಂದರೆ, ಅದಕ್ಕೂ ಮೊದಲು ಸರ್ಪೆಂಟ್ ಅಂತಲೇ ಒಂದು ವಾದ್ಯ ಇತ್ತು. ಮರದ್ದು, ಮೇಲೆ ಚರ್ಮದ ಹೊದಿಕೆ, ಹಾವಿನ ಹಾಗೆ ಸುತ್ತಿಕೊಂಡ ಕೊಳವೆ, ಬೆರಳಿಗೆ ಆರು ತೂತು. 1590ರ ಸುಮಾರಿಗೆ ಫ್ರಾನ್ಸಿನ ಓಸೇರ್ ಊರಿನ ಪಾದ್ರಿ ಎಡ್ಮೆ ಗಿಯೋಮ್ ಮಾಡಿದರು ಅನ್ನುತ್ತಾರೆ. ಚರ್ಚಿನಲ್ಲಿ ಹಾಡುವವರ ದನಿಗೆ ಕೆಳಗಿನಿಂದ ಆಸರೆ ಕೊಡುವುದು ಅದರ ಕೆಲಸ. ನಿಮ್ಮ ಭಜನೆಯ ಮುದುಕರ ಹೋಲಿಕೆ ಸುಮ್ನೆ ಬಂದದ್ದಲ್ಲ ಬಿಡಿ!

ತೂತಿನ ಮೇಲೆ ಮುಚ್ಚಳದಂಥ ಕೀ ಹಚ್ಚುವ ಹುಚ್ಚು ಆಮೇಲೆ ಹಿತ್ತಾಳೆ ವಾದ್ಯಗಳಿಗೂ ಹಿಡಿಯಿತು. ವಿಯೆನ್ನಾದ ಆಂಟನ್ ವೈಡಿಂಗರ್ ಕೀ ಇರುವ ಟ್ರಂಪೆಟ್ ನುಡಿಸುತ್ತಿದ್ದರು. ಸಂಗೀತ ರಚನಕಾರ ಹೈಡನ್ 1796ರಲ್ಲಿ ಟ್ರಂಪೆಟ್ ಕಾನ್ಸರ್ಟೋ ಬರೆದದ್ದು ಅವರಿಗಾಗಿಯೇ. ಆಮೇಲೆ 1810ರಲ್ಲಿ ಡಬ್ಲಿನ್‌ನಲ್ಲಿ ಜೋಸೆಫ್ ಹ್ಯಾಲಿಡೇ ಅನ್ನುವ ಬ್ಯಾಂಡ್ ಮಾಸ್ಟರ್ ಮಿಲಿಟರಿ ಬ್ಯೂಗಲ್‌ಗೆ ಐದು ಕೀ ಹಚ್ಚಿ ಪೇಟೆಂಟ್ ಮಾಡಿಸಿದರು. ಬರೀ ಬ್ಯೂಗಲ್‌ನಲ್ಲಿ ಎಷ್ಟು ಸ್ವರ ಬರುತ್ತವೆ ಅಂತ ನಿಮಗೆ ಗೊತ್ತಲ್ಲ, ಬೆರಳೆಣಿಕೆ. ಕೀ ಹಚ್ಚಿದ ಮೇಲೆ ಪೂರ್ತಿ ಸಪ್ತಕ ಬಂತು. ವಾಟರ್‌ಲೂ ಯುದ್ಧ ಮುಗಿದ ಮೇಲೆ ಇಂಗ್ಲಿಷ್ ಬ್ಯಾಂಡುಗಳ ಜೊತೆ ಅದು ಪ್ಯಾರಿಸ್ ಸೇರಿತು. ಅಲ್ಲಿ ಅಲರಿ ಅನ್ನುವ ಹೆಸರಿನಲ್ಲಿ ಅಂಗಡಿ ನಡೆಸುತ್ತಿದ್ದ ವಾದ್ಯಗಾರ ಜಾನ್ ಇಲೇರ್ ಆಸ್ತೆ ಅದನ್ನೇ ದೊಡ್ಡದು ಮಾಡಿ, 1817ರಲ್ಲಿ ಆಫಿಕ್ಲೈಡ್ ತಂದರು. 1821ರಲ್ಲಿ ಪೇಟೆಂಟ್. ಮೊದಲು 9 ಕೀ, ಆಮೇಲೆ 11 ಕೀ ಸಾಮಾನ್ಯವಾಯಿತು. ಬಿಚ್ಚಿ ನೆಟ್ಟಗೆ ಮಾಡಿದರೆ ಕೊಳವೆ ಎಂಟು ಅಡಿ, ಕೆಲವು ಒಂಬತ್ತು. ಕಾಕಾ ಅವರ ಯುಫೋನಿಯಂ ಕೂಡ ಹೆಚ್ಚು ಕಡಿಮೆ ಅಷ್ಟೇ ಉದ್ದ.

ಬೀದರ್‌ನವ:

ಹೆಸರು ಸರಿ, ಆದರೆ "ಇಷ್ಟು ಚೆಂದ ಇದ್ದದ್ದು" ಅನ್ನುವುದಕ್ಕೆ ನನ್ನ ತಕರಾರಿದೆ. ಫ್ರಾನ್ಸಿನ ಸಂಗೀತ ರಚನಕಾರ ಬರ್ಲಿಯೋಜ್ ಅದನ್ನು ಬಳಸಿದವನೇ. 1830ರ ಸಿಂಫನಿ ಫಂಟಾಸ್ಟಿಕ್‌ನ ಕೊನೆಯಲ್ಲಿ ಸಾವಿನ ರಾಗ ಬರುತ್ತದಲ್ಲ, ಅಲ್ಲಿ ಕೆಳಗೆ ಗುಡುಗುವುದು ಇದೇ. ಅಂಥವನೇ ತನ್ನ ವಾದ್ಯಗಳ ಪುಸ್ತಕದಲ್ಲಿ ಇದರ ದನಿ ಒರಟು ಅಂತ ಗೊಣಗಿದ್ದಾನೆ. ಜರ್ಮನಿಯ ಮೆಂಡೆಲ್‌ಸನ್ ಶೇಕ್ಸ್‌ಪಿಯರ್ ನಾಟಕ ಮಿಡ್‌ಸಮ್ಮರ್ ನೈಟ್ಸ್ ಡ್ರೀಮ್‌ಗೆ ಬರೆದ ಓವರ್ಚರ್‌ನಲ್ಲಿ, ಅಂದರೆ ಪೀಠಿಕೆ ಸಂಗೀತದಲ್ಲಿ, ಇದು ಯಾರ ಜೊತೆ ಬರುತ್ತದೆ ಗೊತ್ತಾ? ಆ ನಾಟಕದ ಕತ್ತೆ ತಲೆಯ ಪಾತ್ರ ಬಾಟಮ್ ಜೊತೆ. ಬರ್ನಾರ್ಡ್ ಷಾ ಅಂತೂ ಇದನ್ನು ಸ್ವರ ಬಲ್ಲ ಎತ್ತು ಅನ್ನುವ ಹಾಗೆ ಕರೆದ. ಎತ್ತು, ಕತ್ತೆ, ಹಾವು. ಒಳ್ಳೆ ಜಾನುವಾರು ಸಂತೆ!

ಪಿಸ್ಟನ್ ಇರುವ ದಪ್ಪ ದನಿಯ ಟ್ಯೂಬಾ ಬಂತು, ಇದು ಹೋಯಿತು. ಒಳ್ಳೆಯದು ಬಂದರೆ ಹಳೆಯದು ಹೋಗುತ್ತದೆ, ಇದರಲ್ಲಿ ಅಳುವುದೇನಿದೆ?

ಸುರಪುರದ ಸನಾದಿ ಮನೆ:

ಬೀದರ್ ಅಣ್ಣಾ, ಅಷ್ಟು ಸಲೀಸಾಗಿ ಹೇಳಬೇಡಿ. ನಮ್ಮಪ್ಪ ಸನಾದಿ ನುಡಿಸುವವರು. ಆ ಕಡೆಯಿಂದ ನೋಡಿದರೆ ವಿಷಯ ಬೇರೆಯೇ ಕಾಣುತ್ತದೆ.

ಸನಾದಿಯಲ್ಲಿ ಎಲ್ಲ ತೂತು ಮುಚ್ಚಿದರೆ ಗಾಳಿ ಪೂರ್ತಿ ಕೊಳವೆಯಲ್ಲಿ ಆಡುತ್ತದೆ, ದನಿ ಕೆಳಗೆ. ಒಂದು ಬೆರಳು ಎತ್ತಿದಿರಿ ಅಂದರೆ ಕೊಳವೆ ಅಲ್ಲಿಗೇ ಕಡಿದ ಹಾಗೆ, ದನಿ ಮೇಲೆ. ಆಫಿಕ್ಲೈಡ್ ಅದೇ ಲೆಕ್ಕ. ಸನಾದಿಯ ಹಾಗೆ ಅದರ ಕೊಳವೆಯೂ ತುದಿಗೆ ಹೋಗುತ್ತಾ ಅಗಲವಾಗುತ್ತದೆ, ಆದರೆ ತೂತು ಎಷ್ಟು ದೊಡ್ಡದು ಅಂದರೆ ಬೆರಳಿಂದ ಮುಚ್ಚಲು ಆಗುವುದಿಲ್ಲ, ಅದಕ್ಕೇ ಚರ್ಮದ ಪ್ಯಾಡ್ ಹಚ್ಚಿದ ಮುಚ್ಚಳ, ಅದಕ್ಕೊಂದು ಸ್ಪ್ರಿಂಗ್, ಅದನ್ನು ಎತ್ತಲು ಒಂದು ಉದ್ದನೆಯ ಸನ್ನೆ. ಪಿಸ್ಟನ್ ಇರುವ ವಾದ್ಯದ ಲೆಕ್ಕ ಇದಕ್ಕೆ ಉಲ್ಟಾ. ಪಿಸ್ಟನ್ ಒತ್ತಿದರೆ ಕೊಳವೆ ಇನ್ನಷ್ಟು ಉದ್ದವಾಗುತ್ತದೆ, ದನಿ ಕೆಳಗೆ ಇಳಿಯುತ್ತದೆ.

ಈಗ ಮುಖ್ಯ ಮಾತು. ಯುಫೋನಿಯಂನಲ್ಲಿ ಯಾವ ಪಿಸ್ಟನ್ ಒತ್ತಿದರೂ ದನಿ ಹೊರಗೆ ಬರುವುದು ಅಗಲ ಬಾಯಿಂದಲೇ. ಆಫಿಕ್ಲೈಡ್‌ನಲ್ಲಿ ದನಿ ಬಹಳಷ್ಟು ಆಯಾ ತೂತಿನಿಂದಲೇ ಹೊರಗೆ ಬೀಳುತ್ತದೆ. ಒಂದೊಂದು ಸ್ವರಕ್ಕೆ ಒಂದೊಂದು ಬಾಗಿಲು. ಬಾಗಿಲ ಅಳತೆ ಬೇರೆ, ಜಾಗ ಬೇರೆ, ಬಣ್ಣ ಬೇರೆ. ಗಂಜ್ ತಮ್ಮ ಹೇಳಿದ "ಒಂದು ಸ್ವರ ತೆರೆದ ಬಾಯಲ್ಲಿ, ಮುಂದಿನದು ಮೂಗಿನಲ್ಲಿ" ಅನ್ನುವುದು ಇದೇ. ಬರ್ಲಿಯೋಜ್‌ಗೆ ಅದು ದೋಷ. ನನಗೆ ಅದೇ ರುಚಿ. ಸನಾದಿಯಲ್ಲೂ ಎಲ್ಲ ಸ್ವರ ಒಂದೇ ಸಮ ಇರುವುದಿಲ್ಲ. ಅದನ್ನು ತುಟಿ, ಉಸಿರಿನಿಂದ ಸರಿದೂಗಿಸುವವನೇ ಸನಾದಿಯವನು.

ಬೀದರ್‌ನವ:

ಅಕ್ಕಾ, ಬಾಗಿಲ ಮಾತು ಹಿಡಿಸಿತು. ಅರ್ಧ ಸೋತೆ. ಆದರೆ ಹಾಗಿದ್ದ ಮೇಲೆ ಜನ ಯಾಕೆ ಬಿಟ್ಟರು?

ಸುಮ್ನೆ ಒಂದು ಅಡ್ಡ ಮಾತು, ನಾನು ಬಿದರಿ ಕೆಲಸದವರ ಓಣಿಯವನು. ನಮ್ಮ ಬಿದರಿ ಲೋಹದಲ್ಲಿ ಸತುವೇ ಜಾಸ್ತಿ, ತಾಮ್ರ ಚೂರು. ಕೋಟೆಯ ಮಣ್ಣು, ನವಸಾಗರ ಹಚ್ಚಿ ಕಪ್ಪು ಮಾಡುತ್ತಾರೆ. ಹಿತ್ತಾಳೆ ಅದರ ಉಲ್ಟಾ, ತಾಮ್ರ ಜಾಸ್ತಿ, ಸತು ಕಡಿಮೆ. ಬಿದರಿ ಬಡಿದರೆ ಒಡೆಯುತ್ತದೆ. ಹಿತ್ತಾಳೆ ತಗಡನ್ನು ಬಡಿದು, ಸುತ್ತಿ, ಬೆಸುಗೆ ಹಾಕಿ ಕೊಳವೆ ಮಾಡಬಹುದು. ಅದೇ ಎರಡು ಲೋಹ, ಪಾಲು ಬದಲಾದರೆ ಒಂದು ಹೂಜಿ, ಒಂದು ತುತ್ತೂರಿ.

ಶಹಾಪುರದ ಮೇಷ್ಟ್ರು:

ಯಾಕೆ ಬಿಟ್ಟರು ಅನ್ನುವುದಕ್ಕೆ ಬ್ಯಾಂಡಿನವರೇ ಉತ್ತರ ಕೊಡಬಹುದು. 11 ಪ್ಯಾಡ್‌ನಲ್ಲಿ ಒಂದು ಸೋರಿದರೂ ಅದರ ಕೆಳಗಿನ ಸ್ವರಗಳೆಲ್ಲ ಕೆಟ್ಟವು. ಮಳೆ, ಬಿಸಿಲು, ಮೆರವಣಿಗೆಯ ನೂಕುನುಗ್ಗಲು. ಒಂದು ಸನ್ನೆ ಬಾಗಿದರೆ ಆವತ್ತಿನ ಕೆಲಸ ಮುಗಿಯಿತು. ಎರಡೂ ಕೈಯ ಬೆರಳುಗಳಿಗೆ ಕೆಲಸ ಬೇರೆ. ಪಿಸ್ಟನ್ ವಾದ್ಯಕ್ಕೆ ಮೂರು ಬೆರಳು ಸಾಕು. ಅದಲ್ಲದೆ ಕಾರ್ನೆಟ್‌ನಿಂದ ಬೇಸ್‌ವರೆಗೆ ಬೆರಳಿನ ಲೆಕ್ಕ ಒಂದೇ, ಇವತ್ತು ಒಬ್ಬ ಬರಲಿಲ್ಲ ಅಂದರೆ ಇನ್ನೊಬ್ಬ ಅವನ ವಾದ್ಯ ಎತ್ತಿಕೊಳ್ಳಬಹುದು. 1835ರಲ್ಲಿ ಬರ್ಲಿನ್‌ನಲ್ಲಿ ವೀಪ್ರೆಕ್ಟ್ ಮತ್ತು ಮೊರಿಟ್ಜ್ ಟ್ಯೂಬಾಗೆ ಪೇಟೆಂಟ್ ಪಡೆದರು. ಅಲ್ಲಿಂದ ನಿಧಾನವಾಗಿ ಇಳಿಜಾರು.

ನಿಧಾನ ಅನ್ನುವುದನ್ನು ಗಮನಿಸಿ. 1846ರ ಎಲೈಜಾ ಅನ್ನುವ ಕೃತಿಯಲ್ಲಿ ಮೆಂಡೆಲ್‌ಸನ್ ಇದನ್ನು ಇಟ್ಟಿದ್ದಾನೆ. ಇಟಲಿಯ ವರ್ದಿ 1874ರ ರೆಕ್ವಿಯಂ ಅನ್ನುವ ಕೃತಿಯಲ್ಲೂ ಇದನ್ನೇ ಬರೆದಿದ್ದಾನೆ. ಈಗ ಅದನ್ನೆಲ್ಲ ಹೆಚ್ಚಾಗಿ ಟ್ಯೂಬಾದಲ್ಲಿ ನುಡಿಸುತ್ತಾರೆ, ಅದಕ್ಕೇ ಎಲ್ಲವೂ ಒಂದೇ ಎರಕ ಹೊಯ್ದ ಹಾಗೆ ಕೇಳಿಸುತ್ತದೆ. ಇನ್ನು ಬ್ರೆಜಿಲ್. ಅಲ್ಲಿನ ಶೋರೋ ಸಂಗೀತದಲ್ಲಿ 1910ರ ದಶಕದವರೆಗೂ ಇದು ಜೀವಂತ. ಇರಿನೇವು ಜಿ ಅಲ್ಮೇಡ ಅನ್ನುವವರು ಆಫಿಕ್ಲೈಡ್ ಊದಿದ ರೆಕಾರ್ಡ್‌ಗಳು ಸಿಗುತ್ತವೆ. ಅವರ ಶಿಷ್ಯನೇ ಪಿಶಿಂಗಿನ್ಯಾ, ಬ್ರೆಜಿಲ್‌ನ ದೊಡ್ಡ ಸಂಗೀತಗಾರ. ಹುಡುಕಿ ಕೇಳಿ. ಎತ್ತೂ ಅಲ್ಲ, ಕತ್ತೆಯೂ ಅಲ್ಲ. ಮಾತಿಗೆ ಮಾತು ಕೊಡುತ್ತಾ ಓಡಾಡುವ ಒಂದು ತುಂಟ ದನಿ.

ಕಾಕಾ ಅವರಿಗೂ ಸ್ವಲ್ಪ ನ್ಯಾಯ ಕೊಡಬೇಕು. ಸ್ಯಾಕ್ಸೋಫೋನ್ ಮಾಡಿದ ಅಡಾಲ್ಫ್ ಸ್ಯಾಕ್ಸ್ ಆಫಿಕ್ಲೈಡ್‌ಗಳನ್ನೂ ಬಲ್ಲವನು. 1842ರಲ್ಲಿ ಅವನ ಹೊಸ ವಾದ್ಯವನ್ನು ಬರ್ಲಿಯೋಜ್ ಪತ್ರಿಕೆಯಲ್ಲಿ ಪರಿಚಯಿಸುವಾಗ, ಆಕಾರ ಆಫಿಕ್ಲೈಡ್‌ನದ್ದು, ಬಾಯಿ ಕ್ಲಾರ್ನೆಟ್‌ನದ್ದು ಅನ್ನುವ ಅರ್ಥದಲ್ಲೇ ಬರೆದ. ಪೇಟೆಂಟ್ ಸಿಕ್ಕಿದ್ದು 1846ರಲ್ಲಿ. ಹಾಗಾಗಿ ಇದು ಹಳೇ ಸ್ಯಾಕ್ಸೋಫೋನ್ ಅಲ್ಲ, ಸ್ಯಾಕ್ಸೋಫೋನ್‌ನ ಮುತ್ಯಾ. ನಮ್ಮ ಕದ್ರಿ ಗೋಪಾಲನಾಥ್ ಗಮಕಕ್ಕಾಗಿ ಅದೇ ಸ್ಯಾಕ್ಸೋಫೋನನ್ನು ತಮಗೆ ಬೇಕಾದ ಹಾಗೆ ತಿದ್ದಿಕೊಂಡರು, ಆ ವಂಶ ಕರಾವಳಿವರೆಗೂ ಬಂದಿದೆ ಅಂದ ಹಾಗಾಯಿತು.

ಗಂಜ್ ಹುಡುಗ, ಕಲಬುರಗಿ:

ಎಲ್ಲರಿಗೂ ಶರಣು. ಮುತ್ಯಾ ಅನ್ನುವ ಮಾತು ಓದಿ ಹೇಳಿದ್ದೇ ತಪ್ಪಾಯಿತು, ಕಾಕಾ ಈಗ "ನಾನೂ ಅರ್ಧ ಗೆದ್ದೆ" ಅಂತ ಕುಳಿತಿದ್ದಾರೆ.

ಸುರಪುರದ ಅಕ್ಕ ಹೇಳಿದ ಬಾಗಿಲಿನ ವಿಷಯ ಕೈಯಾರೆ ನೋಡೋಣ ಅಂತ ಇವತ್ತು ಮಧ್ಯಾಹ್ನ ಒಂದು ಕೆಲಸ ಮಾಡಿದೆ. ಮನೆ ಕಟ್ಟುವಾಗ ಉಳಿದಿದ್ದ ಅರ್ಧ ಇಂಚಿನ ಪಿವಿಸಿ ಪೈಪ್, ನಾಲ್ಕು ಅಡಿ. ಕಾಕಾ ಅವರ ಮೌತ್‌ಪೀಸಿಗೆ ನಲ್ಲಿಗೆ ಸುತ್ತುವ ಬಿಳಿ ಟೇಪ್ ದಪ್ಪಗೆ ಸುತ್ತಿ ಪೈಪಿಗೆ ಸಿಕ್ಕಿಸಿದೆ. ಊದಿದರೆ ಗಟ್ಟಿಯಾಗಿ ಒಂದು ಸ್ವರ ಬಂತು. ಆಮೇಲೆ ತುದಿಯಿಂದ ಒಂದು ಗೇಣು ಬಿಟ್ಟು ಸಣ್ಣ ಡ್ರಿಲ್ ಬಿಟ್ಟಿನಿಂದ ಸುಮಾರು ಐದು ಮಿಲಿಮೀಟರ್ ತೂತು ಹಾಕಿದೆ. ಬೆರಳು ಎತ್ತಿ ಊದಿದೆ. ಸ್ವರ ಏರಿತು, ಆದರೆ ಸ್ವಲ್ಪವೇ, ಅದೂ ನೆಗಡಿ ಬಂದವರು ಮಾತಾಡಿದ ಹಾಗೆ. ಕಾಕಾ ಬಾಗಿಲಲ್ಲಿ ನಿಂತು ನಕ್ಕರು.

ಸುರಪುರದ ಸನಾದಿ ಮನೆ:

ತೂತು ದೊಡ್ಡದು ಮಾಡಿ ತಮ್ಮಾ. ಸಣ್ಣ ತೂತಿನಲ್ಲಿ ಕೊಳವೆ ಪೂರ್ತಿ ಕಡಿದ ಹಾಗೆ ಆಗುವುದಿಲ್ಲ. ಸರ್ಪೆಂಟ್‌ಗೆ ಇದ್ದ ರೋಗವೂ ಅದೇ, ತೂತು ಬೆರಳಿನ ಅಳತೆಗೆ, ಕೊಳವೆ ಮಾತ್ರ ಆನೆ ಸೊಂಡಿಲು.

ಗಂಜ್ ಹುಡುಗ, ಕಲಬುರಗಿ:

ಮಾಡಿದೆ ಅಕ್ಕಾ. ದುಂಡು ಅರ ಹಿಡಿದು ಉಜ್ಜಿ ಉಜ್ಜಿ ಹನ್ನೆರಡು ಮಿಲಿಮೀಟರ್‌ಗೆ ತಂದೆ, ಕಟ್ಟೆ ತುಂಬಾ ಬಿಳಿ ಪುಡಿ. ಈಗ ನನ್ನ ಬೆರಳಿಗೆ ಸರಿಯಾಗಿ ಮುಚ್ಚಲು ಬರುತ್ತಿಲ್ಲ, ಹಳೇ ಚಪ್ಪಲಿಯ ರಬ್ಬರ್ ತುಂಡು ಒತ್ತಿ ಹಿಡಿದು ಊದಿದೆ, ಆಮೇಲೆ ಅದನ್ನು ಎತ್ತಿದೆ. ದನಿ ಒಮ್ಮೆಲೇ ತೆರೆದುಕೊಂಡಿತು! ಸ್ವರವೂ ಮೊದಲಿಗಿಂತ ಜಾಸ್ತಿ ಏರಿತು. ಪೈಪಿನ ತುದಿಗೆ ಅಂಗೈ ಹಿಡಿದರೆ ಅಲ್ಲಿ ಏನೂ ಇಲ್ಲದ ಹಾಗೆ, ತೂತಿನ ಹತ್ತಿರ ಹಿಡಿದರೆ ಕೈಗೆ ಗುಂಯ್ ಅಂತ ತಾಗುತ್ತದೆ.

ಕಾಕಾ ನಗುವುದು ನಿಲ್ಲಿಸಿ ಪೈಪ್ ಕಸಿದುಕೊಂಡಿದ್ದಾರೆ. ಎರಡನೇ ತೂತು ಎಲ್ಲಿ ಹಾಕಬೇಕು ಅಂತ ಪೆನ್ಸಿಲ್ ಗುರುತು ಮಾಡುತ್ತಾ ಕುಳಿತಿದ್ದಾರೆ. ಭಜಿ ನಾನೇ ತರಬೇಕಂತೆ.