28 ಮಕ್ಕಳು, 20 ನಿಮಿಷದ ನಾಟಕ: ಕೊನೇ ಸಾಲಿಗೆ ಮಾತು ಕೇಳಿಸೋದು ಹೇಗೆ?

ಕನ್ನಡ ಟೀಚರ್, ಬಸವನಗುಡಿ:
ನಮಸ್ಕಾರ. ಡಿಸೆಂಬರ್ ವಾರ್ಷಿಕೋತ್ಸವಕ್ಕೆ 7 ಮತ್ತು 8ನೇ ತರಗತಿಯ 28 ಮಕ್ಕಳಿಂದ 20 ನಿಮಿಷದ ನಾಟಕ ಮಾಡಿಸಬೇಕು. ಇರೋದು 6 ವಾರ, ವಾರಕ್ಕೆ 3 ದಿನ, ದಿನಕ್ಕೆ 45 ನಿಮಿಷ. ವೇದಿಕೆ ಮೈದಾನದಲ್ಲಿ, 24 ಅಡಿ ಅಗಲ, 16 ಅಡಿ ಆಳ. ಅರ್ಧದಷ್ಟು ಮಕ್ಕಳ ಮನೆಮಾತು ಕನ್ನಡವಲ್ಲ. ಎಲ್ಲರಿಗೂ ಕಾಲರ್ ಮೈಕ್ ಬಾಡಿಗೆಗೆ ತರಿಸೋಣ ಅಂತಿದ್ದಾರೆ ಆಡಳಿತ ಮಂಡಳಿಯವರು. ತರಿಸಬಹುದಾ? ತಾಲೀಮು ಹೇಗೆ ಹಂಚಿಕೊಳ್ಳಲಿ?

ರಂಗಪರದೆ:
ಮೇಡಂ, 18 ತಾಲೀಮು ಅಂದ್ರೆ ಹದಿಮೂರೂವರೆ ಗಂಟೆ. ಹಾಜರಿ, ಗದ್ದಲ ಕಳೆದರೆ ಹತ್ತು ಗಂಟೆ ಸಿಕ್ಕರೆ ಪುಣ್ಯ. ಹಾಗಾಗಿ 15 ನಿಮಿಷದ ಸ್ಕ್ರಿಪ್ಟ್ ಸಾಕು. ಉಳಿದ 5 ನಿಮಿಷವನ್ನು ಹಾಡು, ಚಪ್ಪಾಳೆ, ಪ್ರವೇಶ-ನಿರ್ಗಮನ ತಿಂದುಬಿಡುತ್ತವೆ.

ಮೊದಲ 3 ದಿನ ಕೂತು ಓದಿಸಿ. 4ರಿಂದ 9ರವರೆಗೆ ಬ್ಲಾಕಿಂಗ್, ಅಂದ್ರೆ ಯಾರು ಯಾವಾಗ ಎಲ್ಲಿ ನಿಲ್ಲಬೇಕು, ಎಲ್ಲಿಗೆ ನಡೀಬೇಕು ಅನ್ನೋದು. ನೆಲದ ಮೇಲೆ 24×16 ಅಡಿ ಸುಣ್ಣದ ಗೆರೆ ಎಳೆದೇ ಮಾಡಿಸಿ, ಇಲ್ಲದಿದ್ದರೆ ತರಗತಿಯ ಅಳತೆಗೆ ಪಳಗಿದ ಮಕ್ಕಳು ವೇದಿಕೆ ಹತ್ತಿದಾಗ ಮಧ್ಯದಲ್ಲೇ ಗುಂಪುಗೂಡುತ್ತಾರೆ. 10ನೇ ದಿನದಿಂದ ಕೈಯಲ್ಲಿ ಹಾಳೆ ಇರಕೂಡದು. ಕೊನೆಯ 4 ದಿನ ಪೂರ್ತಿ ರನ್‌ಥ್ರೂ (ಮೊದಲಿಂದ ಕೊನೆವರೆಗೆ ನಿಲ್ಲಿಸದೆ ಆಡಿಸೋದು), ಅದರಲ್ಲಿ 2 ವೇಷ ಹಾಕಿಕೊಂಡೇ ಆಗಬೇಕು. ಪಂಚೆ ಕಾಲಿಗೆ ಸಿಕ್ಕೋದು ಅವತ್ತೇ ಗೊತ್ತಾಗೋದು!

28 ಜನಕ್ಕೂ ಮಾತು ಹಂಚಬೇಡಿ. 8 ಪಾತ್ರ, ಉಳಿದ 20 ಮಕ್ಕಳ ಮೇಳ. ಮೇಳದವರು ಮುಖ್ಯ ಪಾತ್ರಗಳ ಮಾತನ್ನೂ ಕಲಿತಿರಲಿ, ಒಬ್ಬರಿಗೆ ಜ್ವರ ಬಂದರೆ ನಾಟಕ ನಿಲ್ಲೋದಿಲ್ಲ. ಅನುಮತಿಯ ವಿಷಯ: ಲೇಖಕರು ತೀರಿಕೊಂಡ ಮೇಲೆ 60 ವರ್ಷ ಹಕ್ಕುಸ್ವಾಮ್ಯ ಇರುತ್ತೆ. 1946ರಲ್ಲಿ ತೀರಿಕೊಂಡ ಕೈಲಾಸಂ ನಾಟಕಗಳಿಗೆ ಆ ಅವಧಿ ಮುಗಿದಿದೆ. 1994ರಲ್ಲಿ ತೀರಿಕೊಂಡ ಕುವೆಂಪು ಕೃತಿಗಳಿಗೆ ಇನ್ನೂ ಮುಗಿದಿಲ್ಲ, ಅನುಮತಿ ಕೇಳಿಕೊಳ್ಳೋದು ಒಳ್ಳೇದು.

ಧ್ವನಿಬೆಳಕು:
ಕಾಲರ್ ಮೈಕ್ ಬೇಡವೇ ಬೇಡ. ಜರಿ ಬಟ್ಟೆ ಉಜ್ಜಿ ಕರಕರ ಅನ್ನುತ್ತೆ, ಅಷ್ಟು ಮೈಕ್ ಒಟ್ಟಿಗೆ ತೆರೆದರೆ ಕುಂಯ್ ಅನ್ನುತ್ತೆ, ಯಾವುದೋ ಒಂದರ ಬ್ಯಾಟರಿ ಸತ್ತರೆ ಆ ಪಾತ್ರವೇ ಮೂಕ. ವೇದಿಕೆಯ ಮುಂಚೂಣಿಯಲ್ಲಿ 3 ಕಂಡೆನ್ಸರ್ ಮೈಕ್ (ಸ್ವಲ್ಪ ದೂರದ ಮಾತನ್ನೂ ಹಿಡಿಯುವ ಸೂಕ್ಷ್ಮ ಮೈಕ್), ಪ್ರತಿಯೊಂದರ ಕೆಳಗೆ ಒಂದಿಂಚು ಸ್ಪಂಜು ಇಡಿ, ಹಲಗೆಯ ಮೇಲಿನ ಕಾಲಸಪ್ಪಳ ಏರೋದಿಲ್ಲ. ಸ್ಪೀಕರ್‌ಗಳು ಮೈಕ್ ಸಾಲಿಗಿಂತ ಮುಂದೆ, ಜನರ ಕಡೆಗೇ ಮುಖಮಾಡಿರಬೇಕು. ದೂರ ಇಮ್ಮಡಿಯಾದರೆ ಧ್ವನಿ ಸುಮಾರು 6 ಡೆಸಿಬಲ್ ಇಳಿಯುತ್ತೆ. ಮುಖ್ಯ ಮಾತುಗಳೆಲ್ಲ ಮುಂದಿನ 6 ಅಡಿಯೊಳಗೇ ಆಗಲಿ.

ಆದರೆ ಮೈಕ್ ಎತ್ತಿಕೊಡಲಾರದ್ದು ಒಂದಿದೆ. ಮಕ್ಕಳು ವಾಕ್ಯದ ಕೊನೆಯನ್ನು ನುಂಗುತ್ತಾರೆ. ಕನ್ನಡದಲ್ಲಿ ಕ್ರಿಯಾಪದ ಕೂರೋದೇ ಅಲ್ಲಿ, ‘ಇಲ್ಲ’, ‘ಬೇಡ’ ಬರೋದೂ ಅಲ್ಲೇ. ‘ನಾನು ಬರೋದಿಲ್ಲ’ ಅನ್ನೋದು ‘ನಾನು ಬರೋದಿ...’ ಆದರೆ ಕಥೆಯೇ ತಲೆಕೆಳಗು. ಪ್ರತಿ ತಾಲೀಮಿನಲ್ಲೂ ಮೇಳದ ಒಬ್ಬರನ್ನು 60 ಅಡಿ ದೂರ ನಿಲ್ಲಿಸಿ, ಕೊನೇ ಪದ ಕೇಳಿಸದಿದ್ದರೆ ಕೈ ಎತ್ತಲಿ. ಮಕ್ಕಳಿಗೆ ‘ಕೂಗಿ’ ಅನ್ನಬೇಡಿ, ಗಂಟಲು ಒಡೆಯುತ್ತೆ. ವಾಕ್ಯಕ್ಕೆ ಮುಂಚೆ ಉಸಿರು ತಗೊಳ್ಳೋಕೆ ಹೇಳಿ. ಉಸಿರು ಮುಗಿಯೋದರಿಂದಲೇ ಕೊನೆ ಹಾರಿಹೋಗೋದು.

ಸಾಧ್ಯವಾದರೆ ಜೆ.ಪಿ. ನಗರದ ರಂಗಶಂಕರ ರಂಗಮಂದಿರದಲ್ಲಿ ಒಂದು ನಾಟಕ ತೋರಿಸಿ. ತಡವಾದರೆ ಒಳಗೆ ಬಿಡೋದಿಲ್ಲ, ಟ್ರಾಫಿಕ್ ನೋಡಿಕೊಂಡು ಬೇಗ ಹೊರಡಿ.

ಕನ್ನಡ ಟೀಚರ್, ಬಸವನಗುಡಿ:
ತುಂಬಾ ಉಪಕಾರವಾಯ್ತು. ಕೆಲವರು ಮಾತುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಳ್ತಿದ್ದಾರೆ. ಬಿಡಬಹುದಾ?

ರಂಗಪರದೆ:
ದಯವಿಟ್ಟು ಬಿಡಬೇಡಿ. ಆ ಅಕ್ಷರದಲ್ಲಿ ಲ-ಳ ಎರಡೂ ಒಂದೇ. ‘ಊರು ಹಾಳಾಯ್ತು’ ಅನ್ನಬೇಕಾದವನು ‘ಊರು ಹಾಲಾಯ್ತು’ ಅಂತಾನೆ, ಅಳುವ ದೃಶ್ಯದಲ್ಲಿ ಜನ ನಗ್ತಾರೆ. ಒಮ್ಮೆ ಬಾಯಿಗೆ ಕೂತರೆ ತಿದ್ದೋದು ಬಹಳ ಕಷ್ಟ. ಕನ್ನಡ ಓದಲು ಬಾರದವರ ಮಾತನ್ನು ನಿಮ್ಮ ದನಿಯಲ್ಲೇ ನಿಧಾನವಾಗಿ ರೆಕಾರ್ಡ್ ಮಾಡಿ ಪೋಷಕರ ಫೋನಿಗೆ ಕಳಿಸಿ, ಕೇಳಿ ಕಲಿಯಲಿ.